ಕೆರೆಯ ನಡುವೆ ಸಿಕ್ಕ ಊರಿನವರು

ಕೆರೆಯ ನಡುವೆ ಕೆಳಗೆ ನೋಡಿದೆ. ಕಪ್ಪು ನೀರು ಬಿಟ್ಟರೆ ಏನೂ ಕಾಣಲಿಲ್ಲ. ಹುಬ್ಬಳ್ಳಿಯ ಈಜುಕೊಳದಲ್ಲಿ ಕಲಿತ ನನಗೆ ತಳ ಕಾಣದ, ಹಿಡಿಯಲು ಅಂಚೂ ಇಲ್ಲದ ನೀರು ಇದೇ ಮೊದಲು. ಉಸಿರಾಟದ ಲಯ ತಪ್ಪಿ, ಇದ್ದಲ್ಲೇ ಕೈಕಾಲು ಬಡಿಯತೊಡಗಿದೆ. ಕಲಘಟಗಿ ಹತ್ತಿರ ನಡೆದ ತಂಡಗಳ ಟ್ರಯಥ್ಲಾನ್ ಅದು. ನಾನು ಈಜಿ ದಡ ಸೇರಿದ ಮೇಲೆಯೇ ಗೆಳತಿ ಸೈಕಲ್ ಹತ್ತಬೇಕು, ಆಮೇಲೆ ಅವಳ ತಮ್ಮ ಓಡಬೇಕು.

ಸೋತು ಕಾವಲು ದೋಣಿಗೆ ಕೈ ಎತ್ತುವಷ್ಟರಲ್ಲಿ, ಬಾಜೂಕೆ ಈಜುತ್ತಿದ್ದ ಬೇರೆ ತಂಡದ ಹೆಂಗಸೊಬ್ಬರು ಅಂಗಾತ ತೇಲುತ್ತ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಹಾಗೆ ಕೇಳಿದರು: "ಯಾವೂರ್ರಿ ನಿಮ್ದು?"

"ಅಣ್ಣಿಗೇರಿ" ಎಂದೆ.

"ಅಯ್ಯ, ನನ್ನ ತವರುಮನಿ ಅಲ್ಲೇ ಐತ್ರಿ! ಯಾರ ಪೈಕಿ ನೀವು?"

ನಾನೂ ಅಂಗಾತ ತೇಲಿದೆ. ಮಾತಾಡಲು ಉಸಿರು ಬೇಕಲ್ಲ, ಅದು ತಾನಾಗಿಯೇ ಬಂತು. ಸ್ವಲ್ಪ ಈಜುವುದು, ಸ್ವಲ್ಪ ಮಾತಾಡುವುದು. ಅವರ ಅತ್ತಿಗೆಯೇ ನನಗೆ ಶಾಲೆಯಲ್ಲಿ ಕನ್ನಡ ಕಲಿಸಿದವರು ಎಂದು ಗೊತ್ತಾಗುವ ಹೊತ್ತಿಗೆ ಕಾಲಿಗೆ ಕೆಸರು ತಾಗಿತು. ಎಲ್ಲರಿಗಿಂತ ಕೊನೆಗೆ ಬಂದವರು ನಾವಿಬ್ಬರೇ.

"ನಾ ಇಲ್ಲಿ ಜೀವಾ ಕೈಯಾಗ ಹಿಡಕೊಂಡು ನಿಂತೀನಿ, ನೀ ಹರಟಿ ಹೊಡಕೋತ ಬಂದಿ ಅಲ್ಲಬೇ!" ಎಂದು ಬೈಯುತ್ತಲೇ ಗೆಳತಿ ಸೈಕಲ್ ಹತ್ತಿದಳು.

ನಾನು ಆ ಹೆಂಗಸಿನ ಉಪಕಾರ ನೆನೆದು ಕೈ ಹಿಡಿದೆ. ಅವರು ನನ್ನ ಕೈಯನ್ನು ಬಿಡಲೇ ಇಲ್ಲ.

"ನನಗೂ ಕೆರಿ ಇದ ಮೊದಲರಿ. ನೀವು ಮಾತಿಗೆ ಸಿಗಲಿಲ್ಲಂದ್ರ ನಾನ ದೋಣಿ ಕರೀತಿದ್ನಿ" ಎಂದರು.

ಈಗ ತವರಿಗೆ ಬಂದಾಗಲೆಲ್ಲ ಅವರು ನಮ್ಮ ಮನೆಗೂ ಬಂದು ಹೋಗುತ್ತಾರೆ. ಅವತ್ತು ಯಾರು ಯಾರನ್ನು ದಡ ಸೇರಿಸಿದರು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.