ರಂಗೂ ಕಾಕುನ ನರದ ಗಂಟು

ಮರಾಠಿ ಸೀಮೆಯ ಖಡಕಿಯ ನಮ್ಮ ಚಾಳಿನಲ್ಲಿ, ನಮ್ಮ ವಠಾರದಲ್ಲಿ, ಎಲ್ಲರಿಗೂ ಚಿಕ್ಕಮ್ಮನಂತಿರುವ ರಂಗೂಬಾಯಿ ಕಾಕುಗೆ ಹೆದರದವರಿಲ್ಲ. ನೀರಿನ ಟ್ಯಾಂಕರಿನವನು ತಡಮಾಡಲಿ, ರಿಕ್ಷಾದವನು ಮೀಟರ್ ಹಾಕದಿರಲಿ, ಮರಾಠಿಯಲ್ಲಿ ಶುರುಮಾಡಿ ಬೆಳಗಾವಿ ಕನ್ನಡದಲ್ಲಿ ಮುಗಿಸುತ್ತಾಳೆ. ಜಗಳಗಂಟಿ ಎಂದು ನಮ್ಮವರೇ ನಗುತ್ತಾರೆ. ಆ ನಗು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ.

ಹೋದ ವರ್ಷ ಅವಳ ದವಡೆಯ ಕೆಳಗೆ, ಕುತ್ತಿಗೆಯಲ್ಲಿ, ಗಂಟು ಕಾಣಿಸಿತು. ಎಂಆರ್‌ಐ ಆಯಿತು. ಚಿತ್ರ ಓದಿದ ಡಾಕ್ಟರು ಕಾಕುನ ಗಂಡ ಬಾಳಕೃಷ್ಣ ಕಾಕಾನಿಗೆ ನಿಂತ ಕಾಲಲ್ಲೇ ಹೇಳಿದ್ದು ಇಷ್ಟೇ: “ನಸೇಚೀ ಗಾಠ ಆಹೆ.” ಬರೆದ ವರದಿ ನಾಳೆ ಎಂದರು. ಕಾಕಾ ಚಿತ್ರದ ಲಕೋಟೆ ಹಿಡಿದು, ನಮ್ಮ ಕಡೆಯವರೆಂಬ ಭರವಸೆಯಲ್ಲಿ, ಹತ್ತಿರದ ನಿಗಡಿಯಲ್ಲಿದ್ದ ಧಾರವಾಡದ ಸರ್ಜನ್ ಬಳಿ ಕಾಕುನನ್ನೂ ಜೊತೆಗಿದ್ದ ನನ್ನನ್ನೂ ಕರೆದೊಯ್ದ. “ನರದ ಗಂಟ ಅಂತಾರ್ರಿ ಸಾಹೇಬ್ರ” ಎಂದ.

ಅನಾಹುತ ಆ ಮಾತಿನಲ್ಲೇ ಇತ್ತು. ಮರಾಠಿಯ ನಸ, ನಮ್ಮ ಮಾತಿನ ನರ, ಎರಡೂ ಎರಡಕ್ಕೂ ಸಲ್ಲುತ್ತವೆ: ಮೆದುಳಿನ ಸುದ್ದಿ ಒಯ್ಯುವುದೂ ನರ, ರಕ್ತ ಒಯ್ಯುವುದೂ ನರ. ಚಿತ್ರ ಓದಿದವರು ಹೇಳಿದ್ದು ರಕ್ತನಾಳ. ಸರ್ಜನ್ ತಿಳಿದುಕೊಂಡದ್ದು ಇನ್ನೊಂದು. ಲಕೋಟೆ ಅವರ ಮೇಜಿನ ಮೇಲೆಯೇ ಬಿದ್ದಿತ್ತು, ಬಿಚ್ಚುವ ತ್ರಾಸು ತೆಗೆದುಕೊಳ್ಳಲಿಲ್ಲ.

“ಅಂಜಬ್ಯಾಡ್ರಿ ಅಕ್ಕಾರ. ಸೂಜಿ ಹಾಕಿ ಒಂದು ಚೂರು ತಗದು ತಪಾಸಣಿಗೆ ಕಳಸ್ತೀನಿ, ಅಷ್ಟ.”

ಕಾಕು ಕುತ್ತಿಗೆಗೆ ಕೈ ಅಡ್ಡ ಹಿಡಿದಳು. “ಚಿತ್ರ ನೋಡಿದ್ರೇನು?”

“ಯಜಮಾನ್ರು ಹೇಳಿದ್ರಲ್ರಿ.”

“ಅವರೇನು ಡಾಕ್ಟರ್ರ? ಆ ಢಬಢಬ ಮಷೀನಿನ್ಯಾಗ ಅಲ್ಲಾಡದ ಬಿದ್ದಾಕಿ ನಾನು. ನೋಡೋದಿಲ್ಲಂದ್ರ ಯಾಕ ತಗಸಬೇಕಿತ್ತು? ಮೊದಲ ನೋಡ್ರಿ, ಆಮ್ಯಾಲೆ ಸೂಜಿ.”

ಕಾಕಾ ನಾಚಿ ಅವಳ ಸೆರಗು ಜಗ್ಗಿದ. ಅವನ ಮೇಲೂ ನನಗೆ ಕೆಟ್ಟ ಸಿಟ್ಟು ಬಂತು.

ಸರ್ಜನ್ ಹುಬ್ಬು ಗಂಟಿಕ್ಕಿ ಫಿಲ್ಮುಗಳನ್ನು ಬೆಳಕಿಗೆ ಹಿಡಿದರು. ಆಮೇಲೆ ನಮಗೂ ತೋರಿಸಿದರು. ಕುತ್ತಿಗೆಯ ದೊಡ್ಡ ರಕ್ತನಾಳ ಕವಲೊಡೆಯುವಲ್ಲೇ ಗಂಟು ಕೂತು, ಎರಡು ಕವಲುಗಳನ್ನೂ ಅತ್ತಿತ್ತ ಅಗಲಿಸಿತ್ತು. ಸುದ್ದಿ ಒಯ್ಯುವ ನರದ್ದಾಗಿದ್ದರೆ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಒಂದೇ ಕಡೆ ತಳ್ಳುತ್ತದಂತೆ. ಇದು ಮೈತುಂಬ ರಕ್ತ ತುಂಬಿಕೊಂಡ ಗಂಟು. ಚುಚ್ಚಿದ್ದರೆ ಆ ಸಣ್ಣ ದವಾಖಾನೆಯಲ್ಲಿ ರಕ್ತ ನಿಲ್ಲಿಸುವುದು ಕಷ್ಟವಿತ್ತು ಎಂದು ಅವರೇ ಒಪ್ಪಿಕೊಂಡರು.

ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುತ್ತ, “ನಿಮ್ಮ ದೈವ ಗಟ್ಟಿ ಅದ ಅಕ್ಕಾರ” ಎಂದರು.

“ದೈವ ಅಲ್ರಿ, ಬಾಯಿ ಗಟ್ಟಿ ಅದ,” ಎಂದಳು ಕಾಕು. ಕುತ್ತಿಗೆಯ ಮೇಲಿನ ಕೈಯನ್ನು ಅವಳಿನ್ನೂ ತೆಗೆದಿರಲಿಲ್ಲ. “ನಾಳೆ ಬಾಯಿ ಇಲ್ಲದಾಕಿ ಒಬ್ಬಾಕಿ ಬಂದ್ರ, ಚಿತ್ರ ನೋಡ್ತೀರೇನು?”