ಕಣದಲ್ಲಿ ಕೇಳಿದ ಲೆಕ್ಕ

ಮೊನ್ನೆ ಬಳ್ಳಾರಿ ಕೋರ್ಟಿನ ಮುಂದೆ ಹೋಗುತ್ತಿದ್ದಾಗ, ಬೇವಿನ ಮರದ ಕೆಳಗೆ ಕೂತ ಟೈಪಿಸ್ಟ್ ಒಬ್ಬ ಹೊಸ ಕಾರ್ಬನ್ ಹಾಳೆಯ ಕಟ್ಟು ಬಿಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. ನಲವತ್ತು ವರ್ಷಗಳ ಹಿಂದೆ ನನ್ನ ಬೆರಳುಗಳಿಗೂ ಇದೇ ವಾಸನೆ ಅಂಟಿರುತ್ತಿತ್ತು. ಆಗ ನಾನು ಒಬ್ಬ ದೊಡ್ಡ ಮನುಷ್ಯರ ಟೈಪಿಸ್ಟ್ ಆಗಿದ್ದೆ...

ಅವರನ್ನು ಎಲ್ಲರೂ ಪ್ರೊಫೆಸರ್ ಸಾಹೇಬರು ಎನ್ನುತ್ತಿದ್ದರು. ಬಳ್ಳಾರಿಯ ವಕೀಲರೊಬ್ಬರ ಮಗ. ಮದ್ರಾಸಿನಲ್ಲಿ ಅರ್ಥಶಾಸ್ತ್ರ ಓದಿ, ಅಲ್ಲೇ ಪಾಠ ಹೇಳಿ, ಯುದ್ಧದ ಕಾಲಕ್ಕೆ ಊರಿಗೆ ಮರಳಿ ಇಲ್ಲೂ ಅದನ್ನೇ ಮುಂದುವರಿಸಿದವರು. ನಾನು ಕುರುಗೋಡಿನ ರೈತರ ಮನೆಯವನು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಟೈಪು ಕಲಿತು ಅವರಲ್ಲಿ ಕೆಲಸಕ್ಕೆ ಸೇರಿದ್ದೆ. ಜೋಳದ ಧಾರಣೆ ಯಾಕೆ ಏರಿತೆಂದು ಅವರು ಹೇಳತೊಡಗಿದರೆ ಬರ್ಮಾದ ಅಕ್ಕಿಯಿಂದ ಹೊರಟು ನಮ್ಮೂರ ಸಂತೆಗೆ ಬಂದು ನಿಲ್ಲುತ್ತಿದ್ದರು. ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೂ ತಲೆ ಆಡಿಸುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಸರ್ಕಾರ ರೈತರಿಂದ ಕಡ್ಡಾಯವಾಗಿ ಲೆವಿ ಭತ್ತ ಎತ್ತುತ್ತಿದ್ದ ಕಾಲ ಅದು. ಸಿರುಗುಪ್ಪದ ಕಡೆ ಬೆಳೆ ಎಷ್ಟು, ಯಾವ ಊರಿನಿಂದ ಎಷ್ಟು ಭತ್ತ ಎತ್ತಬಹುದು ಎಂದು ತಿಳಿಸುವ ಕೆಲಸ ಸಾಹೇಬರ ಪಾಲಿಗೆ ಬಂತು. ಕಚೇರಿಯ ಕಾಗದಗಳನ್ನು ಅವರು ನಂಬುತ್ತಿರಲಿಲ್ಲ. ಸುಗ್ಗಿಯಲ್ಲಿ ನನ್ನನ್ನು ಕರೆದುಕೊಂಡು ನೇರವಾಗಿ ಸಿರುಗುಪ್ಪದ ಹತ್ತಿರದ ಕರೂರಿನ ಕಣಕ್ಕೇ ಹೋದರು.

“ಎಷ್ಟಾತು?” ಎಂದು ಕೇಳಿದರು.

“ಲಕ್ಷ್ಮಿ ತುಂಬಿ ತುಳಕ್ಯಾಳ್ರಿ. ಹೆಚ್ಚೇ ಐತಿ,” ಎಂದು ರೈತ ರಾಶಿಗೆ ಕೈಮುಗಿದ. ಚೀಲಗಳ ಲೆಕ್ಕವನ್ನೂ ಧಾರಾಳವಾಗಿಯೇ ಹೇಳಿದ.

ನಮ್ಮ ಕಡೆ ರಾಶಿಯ ಮುಂದೆ ನಿಂತು ಕಡಿಮೆ ಎನ್ನಬಾರದು. ಇಲ್ಲ, ಸಾಕು, ಮುಗಿಯಿತು ಎಂಬ ಮಾತುಗಳೇ ಅಲ್ಲಿ ಬಾಯಿಂದ ಬರಬಾರದು. ಇದ್ದದ್ದಕ್ಕೆ ಒಂದಿಷ್ಟು ಸೇರಿಸಿಯೇ ಹೇಳುತ್ತಾರೆ. ಮೇಲಾಗಿ ಬಡಗಿ, ಕಮ್ಮಾರ, ಕೂಲಿಯವರ ಪಾಲೆಲ್ಲ ಕಣದಲ್ಲೇ ಹೋಗಿ, ಉಳಿದದ್ದಷ್ಟೇ ಮನೆ ಸೇರುತ್ತದೆ. ಪೇಟೆಯಲ್ಲಿ ಬೆಳೆದ ಸಾಹೇಬರಿಗೆ ಇದು ಗೊತ್ತಿರಲಿಲ್ಲ. ಕಣದಲ್ಲೇ ಆಡಿ ಬೆಳೆದ ನನಗೆ ಗೊತ್ತಿತ್ತು. ಅವರು ಬರೆದುಕೊಂಡರು, ನಾನು ಸುಮ್ಮನಿದ್ದೆ. ಅಷ್ಟು ಓದಿದವರಿಗೆ ನಾನೇನು ಹೇಳುವುದು ಎಂದುಕೊಂಡೆ... ಬಳ್ಳಾರಿಗೆ ಬಂದು ಒಂದಕ್ಷರ ತಪ್ಪಿಲ್ಲದೆ ನಾಲ್ಕು ಪ್ರತಿ ತೆಗೆದುಕೊಟ್ಟೆ. ವರದಿಗೆ ಮದ್ರಾಸಿನಿಂದ ಹೊಗಳಿಕೆಯೂ ಬಂತು.

ಸ್ವಾತಂತ್ರ್ಯ ಬಂದು ಮೊದಲ ಚುನಾವಣೆ ಎದುರಾದಾಗ ಸಾಹೇಬರು ಪಾಠ ಹೇಳುವುದನ್ನು ಬಿಟ್ಟು ಅಭ್ಯರ್ಥಿಯಾದರು. ಕೋಟು ಟೈ ಎಲ್ಲ ಪೆಟ್ಟಿಗೆ ಸೇರಿದವು. ಕರಪತ್ರದ ಕಟ್ಟು ಹೊತ್ತು ನಾನೂ ಅವರ ಹಿಂದೆ ಊರೂರು ಸುತ್ತಿದೆ. ಕರೂರಿಗೆ ಹೋದಾಗ ಮತ್ತೆ ಸುಗ್ಗಿಯೇ ನಡೆದಿತ್ತು. ಹಳೆಯ ಅಭ್ಯಾಸ ನೋಡಿ, ಕಣದಲ್ಲಿದ್ದ ಮುದುಕನೊಬ್ಬನನ್ನು ಎಷ್ಟಾಯಿತೆಂದು ಕೇಳಿಯೇಬಿಟ್ಟರು.

ಮುದುಕ ನಕ್ಕು ಅವರನ್ನು ರಾಶಿಯಿಂದ ದೂರ ಕರೆದುಕೊಂಡು ಹೋದ. “ಅಲ್ಲಿ ಕೇಳಬಾರದ್ರಿ. ಅಲ್ಲಿ ಎಲ್ಲಾ ತುಂಬೇ ಇರತೈತಿ. ಮನಿಗೆ ಬಂದು ಭತ್ತ ತುಂಬೋ ಗುಮ್ಮಿ ನೋಡ್ರಿ, ಖರೇ ಎಷ್ಟಂತ ಗೊತ್ತಾಗತೈತಿ. ಲೆವಿ ಕಾಲದಾಗ ಯಾವನೋ ಪುಣ್ಯಾತ್ಮ ಕಣದಾಗಿನ ಮಾತು ಬರಕೊಂಡು ಹೋಗಿದ್ದ. ನಮ್ಮ ಬೀಜದ ಭತ್ತನೂ ಹೋತು.”

ಆ ಪುಣ್ಯಾತ್ಮ ತಾವೇ ಎಂದು ಸಾಹೇಬರಿಗೆ ತಿಳಿಯಿತು. ಅಲ್ಲೇ ಬದುವಿನ ಮೇಲೆ ಕೂತು ಒಂದೊಂದಾಗಿ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ನಾನು ಬೇರೆ ಕಡೆ ನೋಡುತ್ತಾ ನಿಂತಿದ್ದೆ.

ಸಂಜೆ ಸಭೆ ಇತ್ತು. ತಪ್ಪನ್ನು ಅಲ್ಲೇ ಒಪ್ಪಿಕೊಳ್ಳುತ್ತೇನೆಂದು ಸಾಹೇಬರು ಹೇಳಿದಾಗ, ಜೊತೆಗೆ ಬಂದಿದ್ದ ಸಿರುಗುಪ್ಪದ ಗೆಳೆಯರಿಗೆ ಗಾಬರಿ. “ಆ ಲೆಕ್ಕ ನಿಮ್ಮದಂತ ಯಾರಿಗೂ ಗೊತ್ತಿಲ್ಲ. ಓಟು ಮುಗೀಲಿ, ಆಮ್ಯಾಲೆ ಹೇಳ್ರಿ,” ಎಂದು ಅವರನ್ನು ಬೇಡಿಕೊಂಡರು.

“ಆಮ್ಯಾಲೆ ಹೇಳಿದ್ರ ಅದು ಮೋಸ ಆಗತೈತಿ,” ಎಂದು ಸಾಹೇಬರು ಕಟ್ಟೆ ಹತ್ತಿದರು. ಭಾಷಣವನ್ನೇ ಮಾಡಲಿಲ್ಲ. “ನಿಮ್ಮ ಬೀಜದ ಭತ್ತ ಹೋದದ್ದು ನನ್ನ ಲೆಕ್ಕದಿಂದ. ತಪ್ಪು ನಂದು. ಇದನ್ನ ತಿಳಕೊಂಡು ಓಟು ಹಾಕ್ರಿ, ಇಲ್ಲಾ ಬಿಡ್ರಿ,” ಎಂದರು.

ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. “ಗಂಡಸರನ್ನ ಕಣದಾಗ ಕೇಳಿದ್ರಿ. ಮನಿಗೆ ಬಂದು ನನ್ನ ಕೇಳಿದ್ರ ನಾ ಹೇಳತಿದ್ದಿಲ್ಲೇನು? ಆ ವರ್ಷ ನನ್ನ ಮಕ್ಕಳು ಬರೇ ಗಂಜಿ ನೀರು ಕುಡದು ಮಲಗ್ಯಾವ್ರಿ.”

ಸಾಹೇಬರು ಕೈಮುಗಿದು ತಲೆ ತಗ್ಗಿಸಿ ನಿಂತರು. ಯುದ್ಧ ಕಾಲದ ಒತ್ತಡ ಎನ್ನಲಿಲ್ಲ, ಸರ್ಕಾರದ ಹೆಸರು ಎತ್ತಲಿಲ್ಲ. ಆಕೆ ಕೂರುವ ತನಕ ಹಾಗೇ ನಿಂತಿದ್ದರು. ಎಷ್ಟೋ ನಾಯಕರನ್ನು ಹತ್ತಿರದಿಂದ ಕಂಡಿದ್ದೇನೆ, ಅಂಥ ಎದೆಗಾರಿಕೆ ಮತ್ತೆಲ್ಲೂ ಕಾಣಲಿಲ್ಲ.

ಮರುದಿನ ಬಳ್ಳಾರಿ ಬಸ್ಸಿನಲ್ಲಿ ಅವರ ಪಕ್ಕ ಕೂತು, “ಸಾಹೇಬ್ರ, ನಂಗ ಅವತ್ತೇ...” ಎಂದೆ.

“ನೀ ಕುರುಗೋಡಿನಾವ. ನಿನಗ ಗೊತ್ತಿದ್ದೇ ಇರತೈತಿ,” ಎಂದರು ಮೆಲ್ಲಗೆ. “ಬಾಜೂಕ ನಿಂತಿದ್ದಿ. ನಾ ನಿನ್ನ ಕೇಳಲಿಲ್ಲ. ಅದೂ ನನ್ನ ತಪ್ಪ.”

ಆ ಸಲ ಅವರು ಸೋತರು. ಮುಂದಿನ ಸಲ ಗೆದ್ದು ವಿಧಾನಸಭೆಗೆ ಹೋದರು. ಯಾವ ಕಾಗದ ಟೈಪಿಗೆ ಕೊಟ್ಟರೂ ಮೊದಲು ಓದಿಸಿ, “ನೀ ಏನಂತಿ?” ಎಂದು ಕೇಳುತ್ತಿದ್ದರು. ಕೊನೆಯ ತನಕ ಕೇಳಿದರು...

ಸಾಹೇಬರು ತೀರಿಕೊಂಡು ಬಹಳ ವರ್ಷಗಳಾದವು. ಅವರಿಲ್ಲದ ಬಳ್ಳಾರಿ ನನಗೆ ಇವತ್ತಿಗೂ ರೂಢಿಯಾಗಿಲ್ಲ. ಕರೂರಿನ ಆ ಹೆಂಗಸೂ ಈಗಿಲ್ಲವಂತೆ. ಅವತ್ತು ಆಕೆ ಎದ್ದು ಕೇಳಿದಾಗ ನಾನೂ ಕಟ್ಟೆ ಹತ್ತಿ ಸಾಹೇಬರ ಪಕ್ಕ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅವರೊಬ್ಬರೇ ತಲೆ ತಗ್ಗಿಸಿದರು. ಕೇಳಿಸಿಕೊಳ್ಳಬೇಕಾದ ಇಬ್ಬರೂ ಹೋದ ಮೇಲೆ, ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿ ಬರೆಯುತ್ತಿದ್ದೇನೆ: ನನಗೆ ಗೊತ್ತಿತ್ತು, ತಾಯಿ. ನಾನು ಹೇಳಲಿಲ್ಲ.