ರೋಮಿನ ದೊರೆಯನ್ನು ಮೇಜಿನ ಮೇಲೆ ಮಲಗಿಸಿದ್ದು

ಇಂಗ್ಲಿಷಿನಲ್ಲಿ ಬಿ.ಎ. ಮಾಡಿಕೊಂಡು ಹಾನಗಲ್ಲಿಗೆ ಮಾಸ್ತರನಾಗಿ ಬಂದಾಗ ನನ್ನ ಹತ್ತಿರ ಒಂದು ಕೋಟು, ಎರಡು ಧೋತರ ಮತ್ತು ಊರಿಗೆಲ್ಲ ಹಂಚಿದರೂ ಮಿಗುವಷ್ಟು ಸೊಕ್ಕು ಇದ್ದವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ನಡುಹಗಲ ಬಿಸಿಲಿನಲ್ಲೂ ಕೋಟಿನ ಒಂದು ಗುಂಡಿ ಬಿಚ್ಚುತ್ತಿರಲಿಲ್ಲ. ಮಹಾಯುದ್ಧ ನಡೆದಿದ್ದ ದಿನಗಳು ಅವು. ಮೆಟ್ರಿಕ್ ವರ್ಗಕ್ಕೆ ಆ ವರ್ಷ ಪ್ರಾಚೀನ ರೋಮಿನ ಕತೆಯುಳ್ಳ ಒಂದು ಹೆಸರಾಂತ ದುಃಖಾಂತ ನಾಟಕವನ್ನು ಪಠ್ಯವಾಗಿ ಇಟ್ಟಿದ್ದರು. ದೊರೆಯಂಥ ಒಬ್ಬ ವೀರ, ಅವನನ್ನು ತುಂಬಿದ ಸಭೆಯಲ್ಲಿ ಇರಿದು ಕೊಲ್ಲುವ ಅವನದೇ ಗೆಳೆಯರು, ಆಮೇಲೆ ಹೆಣದ ಮುಂದೆ ನಿಂತು ಊರಿಗೆ ಊರೇ ಅಳುವಂತೆ ಮಾಡುವ ಒಬ್ಬ ಮಾತುಗಾರ. ನನ್ನ ಕಣ್ಣು ಆ ಮಾತುಗಾರನ ಮೇಲಿತ್ತು.

ನಾಟಕ ಹಿಡಿದ ಮೊದಲ ವಾರ ಏನೂ ಸಾಗಲಿಲ್ಲ. ರೋಮು ಹೇಗಿತ್ತು ಎಂದು ಒಬ್ಬ ಹುಡುಗ ಕೇಳಿದ. ನಾನು ಕಂಡ ಅತಿ ದೊಡ್ಡ ಊರು ಹುಬ್ಬಳ್ಳಿ. ಆದರೂ ಎದೆಗೆಡದೆ, "ಬಂಕಾಪುರದ ಕೋಟಿ ನೋಡೀರಿಲ್ಲೋ? ಅದನ್ನ ಬಿಳಿ ಕಲ್ಲಿನಾಗ ಕಟ್ಟಿದ್ರ ಅದ ರೋಮು" ಎಂದೆ. ಹುಡುಗರು ಶ್ರದ್ಧೆಯಿಂದ ಬರೆದುಕೊಂಡರು. ಟ್ರ್ಯಾಜಿಡಿ ಎಂದರೇನೆಂದು ಅರ್ಧ ತಾಸು ವಿವರಿಸಿದ ಮೇಲೆ ಹಿಂದಿನ ಬೆಂಚಿನವನೊಬ್ಬ, "ಕಡೀಕ ಎಲ್ಲಾರೂ ಸಾಯೂದು ಮೊದಲ ಗೊತ್ತಿದ್ರ, ಮತ್ಯಾಕ ನೋಡಬೇಕ್ರಿ ಸರ್?" ಎಂದ. "ಪರೀಕ್ಷಾಕ್ಕ ಬರ್ತದ, ಕುಂದರು" ಎಂದೆ.

ಹೀಗಾದರೆ ಆಗದು, ಆಡಿಯೇ ತೋರಿಸಬೇಕು ಎಂದು ಒಂದು ಶನಿವಾರ ಬೆಳಗಿನ ಶಾಲೆಯಲ್ಲಿ, ಕೊನೆಯ ತಾಸಿಗೆ, ಹೆಣದ ಮುಂದಿನ ಭಾಷಣವನ್ನು ಎತ್ತಿಕೊಂಡೆ. ಭಾಷಣಕ್ಕೆ ನಾನಿದ್ದೆ, ಹೆಣ ಬೇಕಲ್ಲ. ತಿಳವಳ್ಳಿಯಿಂದ ಬಂದು ಇಲ್ಲಿ ಖೋಲಿ ಹಿಡಿದು ಓದುತ್ತಿದ್ದ ಒಬ್ಬ ಹುಡುಗ ವರ್ಗದಲ್ಲೆಲ್ಲ ಸಣಕಲ, ಹೇಳಿದ ಮಾತು ಮೀರದವನು. ಅವನನ್ನು ಮೇಜಿನ ಮೇಲೆ ಮಲಗಿಸಿ, "ನಾ ಹೇಳೂತನಕ ಅಲುಗಾಡಬ್ಯಾಡ" ಎಂದು ತಾಕೀತು ಮಾಡಿ, ಆಗಷ್ಟೇ ಅಗಸ ಶಾಲೆಗೇ ತಂದುಕೊಟ್ಟಿದ್ದ ನನ್ನ ಬಿಳಿ ಧೋತರವನ್ನು ತಲೆಯಿಂದ ಕಾಲಿನ ತನಕ ಹೊದಿಸಿದೆ.

ಆ ದಿನ ನಾನು ಮಾತನಾಡಿದೆ ಎನ್ನುವುದಕ್ಕಿಂತ ಕೂಗಾಡಿದೆ ಎನ್ನಬೇಕು. ಇಂಗ್ಲಿಷು ಸಾಲದೆ ಕನ್ನಡಕ್ಕೆ ಇಳಿದೆ. ಧೋತರದ ಮೇಲೆ ಇಲ್ಲದ ಗಾಯಗಳನ್ನು ಒಂದೊಂದಾಗಿ ತೋರಿಸಿದೆ. ಕಣ್ಣಲ್ಲಿ ನಿಜವಾದ ನೀರೇ ಬಂತು. ಅದನ್ನು ಒರೆಸಿಕೊಳ್ಳದೆ ಎಲ್ಲರಿಗೂ ಕಾಣುವಂತೆ ಹಾಗೇ ಬಿಟ್ಟೆ. ಪಕ್ಕದ ವರ್ಗದವರು ಕಿಟಕಿಗೆ ಬಂದು ನಿಂತರು. ಗಂಟೆ ಹೊಡೆಯಿತು. ಹುಡುಗರು ಚಪ್ಪಾಳೆ ತಟ್ಟುತ್ತ ನನ್ನ ಹಿಂದೆಯೇ ಹೊರಬಿದ್ದರು. ನಾನು ಶಿಕ್ಷಕರ ಖೋಲಿಗೆ ಹೋಗಿ, ಯಾರಾದರೂ ಹೊಗಳಲಿ ಎಂದು ಕಾಯುತ್ತ ಎರಡು ಕಪ್ ಚಹಾ ಕುಡಿದೆ. ಧೋತರದ ನೆನಪಾದದ್ದು ಮನೆ ಮುಟ್ಟಿದ ಮೇಲೆ.

ಸೋಮವಾರ ಮುಂಜಾನೆ ಪೆಟ್ರೋಲು ಸಿಗದ ಆ ಕಾಲದ ಇದ್ದಲಿ ಗ್ಯಾಸಿನ ಬಸ್ಸು ಇಳಿದು ಆ ಹುಡುಗನ ತಾಯಿ ಮಗನನ್ನು ಕರೆದುಕೊಂಡು ಶಾಲೆಗೆ ಬಂದರು. ಕೈಯಲ್ಲಿ ಒಗೆದು ಮಡಿಸಿದ ನನ್ನ ಧೋತರವಿತ್ತು. ಶನಿವಾರ ಊರಿಗೆ ಹೋದ ಮಗನ ಗಂಟಿನಲ್ಲಿ ಅದನ್ನು ಕಂಡು ಕೇಳಿದಾಗ ಎಲ್ಲ ಹೊರಬಿದ್ದಿತ್ತು. ಹೆಡ್‌ಮಾಸ್ತರರು ನನ್ನನ್ನು ಕರೆಸಿ, "ಹುಡುಗನ್ನ ಶಾಲಿ ಬಿಡಸ್ತಾರಂತ. ನೀವ ಮಾತಾಡ್ರಿ" ಎಂದರು. ಪರೀಕ್ಷೆಗೆ ಎರಡೇ ತಿಂಗಳಿದ್ದವು. ಆ ಮನೆತನದಲ್ಲಿ ಅಲ್ಲಿಯ ತನಕ ಓದಿದವನು ಅವನೊಬ್ಬನೇ.

ನಾನು ನಾಟಕದ ಮಹತ್ವ, ರೋಮಿನ ಹಿರಿಮೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ನಾಕು ಮಕ್ಕಳನ್ನ ಮಣ್ಣಿಗೆ ಕೊಟ್ಟೇನ್ರಿ ಮಾಸ್ತರ. ಇವನ್ನ ಮೂಗು ಚುಚ್ಚಿಸಿ, ಸುಳ್ಳ ಸುಳ್ಳ ಒಂದು ಮೊರ ತೌಡಿಗೆ ಮಾರಿ, ಜವರಾಯನ ಕಣ್ಣು ತಪ್ಪಿಸಿ ಉಳಿಸಿಕೊಂಡೇನಿ. ನೀವು ಬಿಳಿ ಅರಿವಿ ಹೊಚ್ಚಿ ಮಲಗಿಸೀರಿ. ಆಗ್ಲಿ, ಆಟ ಅಂದ್ರ ಆಟ. ಬಯಲಾಟದಾಗ ಸತ್ತ ರಾಕ್ಷಸನೂ ಕಡೀಕ ಎದ್ದು ಮಂಗಳಾರತಿ ತೊಗೊಂಡು ಮನೀಗೆ ಹೋಗ್ತಾನ. ನೀವು ಇವನ್ನ ಎಬ್ಬಿಸಿದ್ರೇನ್ರಿ?"

ನಾನು ಎಬ್ಬಿಸಿರಲಿಲ್ಲ. ಹೇಳುವ ತನಕ ಅಲುಗಾಡಬೇಡ ಎಂದಿದ್ದವನು, ಹೇಳುವುದನ್ನೇ ಮರೆತು ಚಹಾಕ್ಕೆ ಹೋಗಿದ್ದೆ. ಕಸ ಗುಡಿಸಲು ಬಂದ ಶಾಲೆಯ ಸಿಪಾಯಿ ಅಲುಗಾಡಿಸಿ ಅಟ್ಟುವ ತನಕ, ಖಾಲಿ ವರ್ಗದಲ್ಲಿ, ಹುಡುಗ ಆ ಧೋತರದ ಕೆಳಗೆ ಹಾಗೇ ಇದ್ದನಂತೆ. ನನಗೆ ಬಹಳ ನಾಚಿಕೆಯಾಯಿತು.

"ಮಲಗಿಸಿದವರೇ ಎಬ್ಬಿಸಬೇಕ್ರಿ" ಎಂದರು ತಾಯಿ.

ವರ್ಗದ ಎದುರಿಗೆ ಅವನು ಮತ್ತೆ ಅದೇ ಮೇಜಿನ ಮೇಲೆ ಮಲಗಿದ. ಈ ಸಲ ಹೊದಿಕೆ ಇಲ್ಲ. "ಏಳಪಾ" ಎಂದೆ. ಅವನು ಏಳಲು ಹೋದ. ತಾಯಿ ಕೈ ಅಡ್ಡ ಹಿಡಿದರು.

"ಹಂಗಲ್ರಿ. ಹೆಸರ ಹಿಡದು ಕರೀರಿ."

ಬಾಯಿ ತೆರೆದೆ. ಹೆಸರು ಬರಲಿಲ್ಲ. ಹಾಜರಿಯನ್ನು ನಾನು ನಂಬರಿನಿಂದ ಕರೆಯುತ್ತಿದ್ದೆ. ಉಳಿದ ವೇಳೆ ಅವನು ನನಗೆ ಬರೀ 'ಏ ತಿಳವಳ್ಳಿ'. ಎರಡು ಸಾವಿರ ವರ್ಷದ ಹಿಂದೆ ಸತ್ತ ರೋಮಿನವರ ಹೆಸರುಗಳು, ಅವರ ಆಳುಗಳವೂ ಸೇರಿ, ನನಗೆ ಬಾಯಿಪಾಠವಿದ್ದವು. ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ತಾಯಿಗೆ ತಿಳಿಯಿತು. ಅವರು ಬೈಯಲಿಲ್ಲ. ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ, ಮಗನ ಹೆಸರನ್ನು ನನ್ನ ಕಿವಿಯಲ್ಲಿ ಹೇಳಿಕೊಟ್ಟರು. ಸಾವಿನ ಕಣ್ಣಿಗೆ ಬೀಳದಿರಲೆಂದು ಹುಡುಕಿ ಇಟ್ಟ, ಕಸದಂಥ ಹೆಸರು.

ನಾನು ಕರೆದೆ. ಧ್ವನಿ ಮೊದಲ ಬೆಂಚಿಗೂ ಮುಟ್ಟಿರಲಾರದು. "ಬಂದೆನ್ರಿ ಸರ್" ಎಂದು ಅವನು ಎದ್ದು ಕುಳಿತ. ತಾಯಿ ಅವನ ಮುಖಕ್ಕೆ ಕೈ ನಿವಾಳಿಸಿ ನೆಟಿಗೆ ಮುರಿದು, ಧೋತರವನ್ನು ನನ್ನ ಕೈಗಿಟ್ಟು, "ಇನ್ನ ಕಲಸ್ರಿ" ಎಂದರು.